ಮಗ ಬಿಟ್ಟ ಶೂ ಅಮ್ಮನ ಕಾಲಿಗೆ ಯಾಕೆ?

ಬೆಳಿಗ್ಗೆ ಐದೂವರೆಗೆಲ್ಲ ಎದ್ದು, ಹಾಲಿನ ಪ್ಯಾಕೆಟ್ ಒಳಗಿಟ್ಟು, ಮನೆಮಂದಿಗೆ ನಿದ್ದೆ ಕೆಡದ ಹಾಗೆ ಮೆಲ್ಲಗೆ ಬಾಗಿಲು ಎಳೆದುಕೊಂಡು ಪಾರ್ಕಿಗೆ ಹೊರಡುವವರ ಪೈಕಿ ನೀವೂ ಒಬ್ಬರಾ? ಹಾಗಾದರೆ ನಾಳೆ ಒಂದು ನಿಮಿಷ ಬಾಗಿಲಲ್ಲೇ ನಿಲ್ಲಿ. ಸ್ಟ್ಯಾಂಡಿನಲ್ಲಿರುವ ನಿಮ್ಮ ಶೂ ಕೈಗೆತ್ತಿಕೊಂಡು ನೋಡಿ. ಅದನ್ನು ನೀವೇ ಅಂಗಡಿಗೆ ಹೋಗಿ, ನಿಮ್ಮ ಕಾಲಿಗೇ ಹಾಕಿ ನೋಡಿ ಕೊಂಡಿದ್ದಾ? ಇಲ್ಲಾ, ಮಗನಿಗೆ ಬಿಗಿಯಾಯಿತು, ಮಗಳಿಗೆ ಬಣ್ಣ ಬೇಜಾರಾಯಿತು, ಯಜಮಾನರು ಹೊಸದು ತಂದರು ಎಂಬ ಕಾರಣಕ್ಕೆ ನಿಮ್ಮ ಪಾಲಿಗೆ ಬಂದಿದ್ದಾ?

ನನ್ನದು ಎರಡನೆಯ ಜಾತಿಗೆ ಸೇರಿದ್ದು. ಮಗ ಪಿಯುಸಿ ಮುಗಿಸುವಾಗ ಬಿಟ್ಟ ಶೂ. ಮೇಲಿಂದ ನೋಡಿದರೆ ಥಳಥಳ, ಎಲ್ಲೂ ಹರಿದಿಲ್ಲ. ‘ಇಷ್ಟು ಚೆನ್ನಾಗಿರೋದನ್ನ ಯಾರಾದ್ರೂ ಎಸೀತಾರಾ?’ ಅಂತ ಒಂದೂವರೆ ಸೈಜು ದೊಡ್ಡದಿದ್ದರೂ ಎರಡೆರಡು ಸಾಕ್ಸ್ ಏರಿಸಿಕೊಂಡು ಹಾಕಿದೆ. ವಾಕಿಂಗ್ ಜಾಗಿಂಗ್ ಆಯಿತು, ಜಾಗಿಂಗ್ ಓಟವಾಯಿತು. ಪಾರ್ಕಿನ ಗೆಳತಿಯರ ಜೊತೆ ಸೇರಿ ಬೆಂಗಳೂರಿನ 10ಕೆ ಓಟಕ್ಕೆ ಹೆಸರನ್ನೂ ಕೊಟ್ಟೆ. 2008ರಲ್ಲಿ ಶುರುವಾದ ಆ ಓಟವನ್ನು ಅಷ್ಟು ವರ್ಷ ಟೀವಿಯಲ್ಲಷ್ಟೇ ನೋಡಿದ್ದವಳಿಗೆ ನಲವತ್ತಾರರಲ್ಲಿ ಹತ್ತು ಕಿಲೋಮೀಟರ್ ಓಡುವ ಧೈರ್ಯ ಬಂದಿದ್ದೇ ದೊಡ್ಡದು.

ಓಟಕ್ಕೆ ಇನ್ನು ಮೂರು ವಾರ ಇದ್ದಾಗ ಒಂದು ಬೆಳಿಗ್ಗೆ ಮಂಚದಿಂದ ಕಾಲು ಕೆಳಗಿಟ್ಟೆ ನೋಡಿ, ಹಿಮ್ಮಡಿಗೆ ಮೊಳೆ ಹೊಡೆದ ಹಾಗಾಯಿತು! ಗೋಡೆ ಹಿಡಿದುಕೊಂಡೇ ಅಡುಗೆಮನೆ ಸೇರಿದೆ. ಹತ್ತು ಹೆಜ್ಜೆ ಆದಮೇಲೆ ನೋವು ಕಡಿಮೆ. ಮಾರನೇ ಬೆಳಿಗ್ಗೆ ಮತ್ತದೇ. ಮೂಳೆ ಡಾಕ್ಟರ ಹತ್ತಿರ ಹೋದಾಗ ಅವರು ನನ್ನ ಕಾಲು ನೋಡಿದ ಮೇಲೆ ಕೇಳಿದ್ದು, ‘ಎಲ್ಲಿ, ನಿಮ್ಮ ಶೂ ತೋರಿಸಿ’ ಅಂತ. ಜೋಡಿಯನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಲು ಹೇಳಿದರು. ಎರಡೂ ಹೊರಗಡೆಗೆ ವಾಲಿಕೊಂಡು ನಿಂತಿದ್ದವು. ಮಗ ಹಿಮ್ಮಡಿಯ ಹೊರ ಅಂಚನ್ನು ಊರಿ ನಡೆಯುವವನು. ಅವನ ನಡಿಗೆಯ ಅಚ್ಚಿನೊಳಗೆ ನಾನು ಆರು ತಿಂಗಳು ಕಾಲಿಟ್ಟು ಓಡಿದ್ದೆ. ಆ ವರ್ಷದ 10ಕೆ ಓಟವನ್ನು ಮತ್ತೆ ಟೀವಿಯಲ್ಲೇ ನೋಡಬೇಕಾಯಿತು.

ನೋವಿಗೆ ಶೂ ಒಂದೇ ಕಾರಣ ಅಂತ ಡಾಕ್ಟರು ಹೇಳಲಿಲ್ಲ. ವಯಸ್ಸು, ತೂಕ, ಅಭ್ಯಾಸವಿಲ್ಲದೆ ಏಕಾಏಕಿ ದೂರ ಹೆಚ್ಚಿಸಿದ್ದು, ದಿನವಿಡೀ ಗಟ್ಟಿ ಟೈಲ್ಸ್ ಮೇಲೆ ಬರಿಗಾಲಲ್ಲಿ ನಿಲ್ಲೋದು ಎಲ್ಲ ಸೇರುತ್ತದಂತೆ. ಆದರೆ ಅವತ್ತಿನಿಂದ ನಾನು ಕಂಡಕಂಡ ಓಟಗಾರರ ಕಾಲು ನೋಡಲು ಶುರು ಮಾಡಿದೆ. ‘ನಿಮ್ಮ ಶೂ ಹೇಗಿದೆ? ಎಷ್ಟು ದಿನ ಬಾಳಿಕೆ ಬಂತು?’ ಅಂತ ನಾಚಿಕೆ ಬಿಟ್ಟು ಕೇಳಿದೆ. ಹಾಗೆ ಕಲಿತಿದ್ದನ್ನೇ ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ದೋಸೆ ಕಾವಲಿಯಂಥ ಕಥೆ

ಮೊದಲು ಈ ಶೂ ಒಳಗೆ ಏನಿದೆ ಅಂತ ತಿಳಿದುಕೊಳ್ಳೋಣ. ಓಟದ ಶೂನಲ್ಲಿ ಮುಖ್ಯವಾಗಿ ಮೂರು ಪದರ. ಮೇಲೆ ಗಾಳಿಯಾಡುವ ಬಟ್ಟೆ, ತಳದಲ್ಲಿ ನೆಲ ಹಿಡಿಯುವ ರಬ್ಬರು, ಇವೆರಡರ ನಡುವೆ ದಪ್ಪನೆಯ ಫೋಮಿನ ಮೆತ್ತೆ. ಕುಶನ್ ಅನ್ನುವುದು ಈ ನಡುವಿನ ಮೆತ್ತೆಯನ್ನೇ. ಕಾಲಿಗೆ ತಾಗುವ, ಕೈಯಲ್ಲಿ ಎಳೆದರೆ ಹೊರಗೆ ಬರುವ ತೆಳು ಪ್ಯಾಡ್ ಬೇರೆ. ಬಹಳ ಜನ ಅದನ್ನೇ ಕುಶನ್ ಅಂದುಕೊಂಡು ಒತ್ತಿ ನೋಡಿ ಮೋಸ ಹೋಗುತ್ತಾರೆ.

ತಳದ ರಬ್ಬರಿಗೆ ಒಂದು ತಮಾಷೆಯ ಅಡುಗೆಮನೆ ಕಥೆ ಇದೆ. 1971ರಲ್ಲಿ ಅಮೆರಿಕದ ಓಟದ ಕೋಚ್ ಬಿಲ್ ಬೋವರ್‌ಮನ್, ಹೆಂಡತಿ ಬಾರ್ಬರಾ ತಿಂಡಿ ಮಾಡುತ್ತಿದ್ದ ವಾಫಲ್ ಕಾವಲಿಯ ಚೌಕಚೌಕ ಅಚ್ಚನ್ನು ನೋಡಿ, ಅದರೊಳಗೆ ರಬ್ಬರಿನಂಥ ದ್ರಾವಣ ಹುಯ್ದೇಬಿಟ್ಟರು. ಕಾವಲಿ ಹಾಳಾಯಿತು, ಆದರೆ ನೆಲ ಬಿಗಿಯಾಗಿ ಹಿಡಿಯುವ ಹಗುರ ಸೋಲ್ ಹುಟ್ಟಿತು. ನೈಕಿ ಕಂಪನಿ ಹೆಸರು ಮಾಡಿದ್ದೇ ಆ ಸೋಲ್‌ನಿಂದ. ನಮ್ಮ ದೋಸೆ ಹೆಂಚಿನ ಮೇಲೆ ಯಜಮಾನರು ಹೀಗೆ ಮಾಡಿದರೆ ನಾವು ಸುಮ್ಮನಿರ್ತೀವಾ ಹೇಳಿ!

ನಡುವಿನ ಮೆತ್ತೆಗೆ 1970ರ ದಶಕದ ಮಧ್ಯದಿಂದ ಈವಿಎ ಎಂಬ ಫೋಮ್ ಬಂತು. ಮನೆಯಲ್ಲಿ ಹಾಕುವ ಹಗುರ ಚಪ್ಪಲಿ, ಮಕ್ಕಳು ಆಡುವ ಮ್ಯಾಟ್‌ಗಳಲ್ಲಿ ಕೂಡ ಇದೇ ಜಾತಿಯ ಫೋಮ್ ಇರುತ್ತದೆ. 1986ರಲ್ಲಿ ಜಪಾನಿನ ಆಸಿಕ್ಸ್ ಕಂಪನಿ ಹಿಮ್ಮಡಿಯ ಕೆಳಗೆ ಜೆಲ್ ಇಟ್ಟಿತು. 2009ರಲ್ಲಿ ಇಬ್ಬರು ಫ್ರೆಂಚರು ಬೆಟ್ಟದಿಂದ ಇಳಿಯುವಾಗ ಕಾಲಿಗೆ ಪೆಟ್ಟಾಗದಿರಲಿ ಅಂತ ‘ಹೋಕಾ’ ಎಂಬ ದಪ್ಪ ತಳದ ಶೂ ಮಾಡಿದರು. ಮೊದಮೊದಲು ಜನ ಅದನ್ನು ನೋಡಿ ನಕ್ಕರಂತೆ. ಈಗ ಯಾವ ಕಂಪನಿಯ ಶೋರೂಮಿಗೆ ಹೋದರೂ ಬ್ರೆಡ್ಡಿನ ಹಾಗೆ ಉಬ್ಬಿದ ಸೋಲ್‌ಗಳೇ. ಸೋಲ್ ಎಷ್ಟು ದಪ್ಪವಾಯಿತೆಂದರೆ 2020ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ, ರಸ್ತೆ ಓಟದ ಸ್ಪರ್ಧಿಗಳ ಶೂ ತಳ 40 ಮಿಲಿಮೀಟರ್ ದಾಟಕೂಡದು ಎಂದು ನಿಯಮವನ್ನೇ ಮಾಡಬೇಕಾಯಿತು.

ಓಡುವವರು ಏನಂತಾರೆ?

ನಮ್ಮ ಗುಂಪಿನಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಮೇಡಂ ಇದ್ದಾರೆ. ದಪ್ಪ ತಳದ ಶೂಗೆ ಬದಲಾದ ಮೇಲೆ ಅವರು ಹಿಂದಿರುಗಿ ನೋಡಿಲ್ಲ. ‘ಭಾನುವಾರ ಹತ್ತು ಕಿಲೋಮೀಟರ್ ಓಡಿ ಬಂದ್ರೂ ಮಧ್ಯಾಹ್ನ ಮಂಡಿ ಹಿಡ್ಕೊಂಡು ಕೂರಲ್ಲ ಕಣ್ರೀ’ ಅಂತಾರೆ. ಆದರೆ ಅವರದೇ ಇನ್ನೊಂದು ಮಾತನ್ನೂ ಕೇಳಿ. ಕಬ್ಬನ್ ಪಾರ್ಕಿನ ಸಮತಟ್ಟು ರಸ್ತೆಯಲ್ಲಿ ಸ್ವರ್ಗದಂತಿದ್ದ ಅದೇ ಶೂ, ಮನೆ ಹತ್ತಿರದ ಫುಟ್‌ಪಾತಿನ ಅಲ್ಲಾಡುವ ಚಪ್ಪಡಿ ಕಲ್ಲಿನ ಮೇಲೆ ಎರಡು ಸಲ ಕಣಕಾಲು ಉಳುಕಿಸಿತು. ಎತ್ತರದ ಮೆತ್ತೆಯ ಮೇಲೆ ನಿಂತರೆ ನೆಲದ ಏರುತಗ್ಗು ಕಾಲಿಗೆ ಬೇಗ ತಿಳಿಯುವುದಿಲ್ಲ. ಅದಕ್ಕೇ ಅವರೀಗ ದಪ್ಪ ಶೂವನ್ನು ಪಾರ್ಕಿಗೆ ಮಾತ್ರ ಹಾಕುತ್ತಾರೆ.

ನಿವೃತ್ತ ಪಿ.ಟಿ. ಮೇಷ್ಟ್ರೊಬ್ಬರದು ಇದಕ್ಕೆ ತದ್ವಿರುದ್ಧ ವಾದ. ಕಾಲಿಗೆ ನೆಲ ಗೊತ್ತಾಗಬೇಕು, ಹಾಸಿಗೆ ಮೇಲೆ ಓಡೋಕಾಗುತ್ತಾ ಅನ್ನುವುದು ಅವರ ಪ್ರಶ್ನೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲಾ ಬರಿಗಾಲಲ್ಲಿ ಮ್ಯಾರಥಾನ್ ಗೆದ್ದ ಕಥೆಯನ್ನು ಅವರು ವಾರಕ್ಕೊಮ್ಮೆಯಾದರೂ ಹೇಳುತ್ತಾರೆ. ಅದೇ ಬಿಕಿಲಾ 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕಿಕೊಂಡು ಮತ್ತೆ ಗೆದ್ದರು ಅನ್ನುವುದನ್ನು ನಾವು ನೆನಪಿಸುತ್ತೇವೆ! ಆದರೂ ಮೇಷ್ಟ್ರ ಮಾತಲ್ಲಿ ಹುರುಳಿಲ್ಲದಿಲ್ಲ. ಅವರು ಚಿಕ್ಕಂದಿನಿಂದ ಓಡಿದವರು, ಕಾಲಿನ ಸ್ನಾಯು ಪಳಗಿದೆ. ಇಪ್ಪತ್ತು ವರ್ಷ ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ಅಡುಗೆಮನೆಗೆ ಓಡಾಡಿದ ನಾವು ಏಕದಂ ತೆಳು ಸೋಲ್ ಹಾಕಿ ರಸ್ತೆಗಿಳಿದರೆ ಮೀನಖಂಡ ಕೇಳುತ್ತದೆಯೇ?

ಸ್ವಲ್ಪ ಮೈ ಕೈ ತುಂಬಿಕೊಂಡಿರುವ ಗೆಳತಿಯೊಬ್ಬಳ ಅನುಭವ ಇನ್ನೊಂದು ಬಗೆ. ತುಂಬ ಮೆತ್ತಗಿನ ಶೂ ಕೊಂಡಳು. ಅಂಗಡಿಯಲ್ಲಿ ಹೂವಿನ ಮೇಲೆ ನಿಂತ ಹಾಗಿತ್ತಂತೆ. ಎರಡೇ ತಿಂಗಳಲ್ಲಿ ಹಿಮ್ಮಡಿ ಜಾಗ ಗುಳಿ ಬಿದ್ದು, ನೆಲಕ್ಕೇ ತಾಗಿದ ಅನುಭವ. ಆಮೇಲೆ ಸ್ವಲ್ಪ ಬಿಗಿಯಾದ ಮೆತ್ತೆಯ ಶೂ ಕೊಂಡಳು. ಅದು ಮೊದಲ ದಿನ ಗಟ್ಟಿ ಅನ್ನಿಸಿದರೂ ಎಂಟು ತಿಂಗಳಾದರೂ ಹಾಗೇ ಇದೆ.

ಎಲ್ಲರ ಮಾತು ಕೇಳಿ ತಲೆ ಕೆಟ್ಟಿತಾ? ನನಗೂ ಹಾಗೇ ಆಗಿತ್ತು. ಒಬ್ಬರ ಅಮೃತ ಇನ್ನೊಬ್ಬರಿಗೆ ವಿಷ. ಹಾಗಾದರೆ ಯಾರ ಮಾತು ಕೇಳೋದು?

ಸಂಶೋಧಕರು ಕಂಡಿದ್ದು

ಲಕ್ಸೆಂಬರ್ಗ್ ದೇಶದ ಸಂಶೋಧಕರು 848 ಹವ್ಯಾಸಿ ಓಟಗಾರರಿಗೆ ನೋಡಲು ಒಂದೇ ಥರ ಇರುವ ಶೂ ಕೊಟ್ಟು ಆರು ತಿಂಗಳು ಗಮನಿಸಿದರು. ಅರ್ಧ ಜನರ ಶೂನಲ್ಲಿ ಮೆತ್ತೆ ಮೃದು, ಇನ್ನರ್ಧ ಜನರದು ಗಟ್ಟಿ. ಯಾರದು ಯಾವುದು ಅಂತ ಓಡುವವರಿಗೆ ಹೇಳಿರಲಿಲ್ಲ. 2020ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಗಟ್ಟಿ ಮೆತ್ತೆಯವರಿಗೆ ಪೆಟ್ಟಾಗುವ ಸಂಭವ ಸುಮಾರು ಒಂದೂವರೆ ಪಟ್ಟು ಹೆಚ್ಚು. ಅಂದರೆ ಕುಶನ್ ಅನ್ನುವುದು ಬರೀ ಜಾಹೀರಾತಿನ ಬೂಟಾಟಿಕೆ ಅಲ್ಲ. ಸ್ವಾರಸ್ಯ ಇರುವುದು ಇಲ್ಲಿ: ಮೆತ್ತನೆ ಶೂನಿಂದ ಪ್ರಯೋಜನ ಎದ್ದು ಕಂಡಿದ್ದು ಕಡಿಮೆ ತೂಕದವರಲ್ಲಿ. ಹೆಚ್ಚು ತೂಕದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ‘ನಾನು ದಪ್ಪ, ಆದ್ದರಿಂದ ಅತಿ ಮೆತ್ತಗಿರೋದೇ ಬೇಕು’ ಅನ್ನುವ ನಮ್ಮ ಲೆಕ್ಕ ಅಷ್ಟು ಸರಿಯಲ್ಲ ಅಂತಾಯಿತು. ನನ್ನ ಗೆಳತಿಯ ಅನುಭವವೂ ಅದನ್ನೇ ಹೇಳುತ್ತಿತ್ತು.

ಇನ್ನೊಂದು ಅಧ್ಯಯನ 2001ರದು. ಕೆನಡಾದ ಕ್ಯಾಲ್ಗರಿಯ ಸಂಶೋಧಕರು 206 ಸೈನಿಕರ ಮೇಲೆ ನಡೆಸಿದ್ದು. ಶೂ ಒಳಗೆ ಹಾಕುವ ಆರು ಬಗೆಯ ಪ್ಯಾಡ್ ಮುಂದಿಟ್ಟು, ಕಾಲಿಗೆ ಹಿತ ಅನ್ನಿಸಿದ್ದನ್ನು ಅವರವರೇ ಆರಿಸಿಕೊಳ್ಳಲು ಬಿಟ್ಟರು. ಎಲ್ಲರೂ ಒಂದನ್ನೇ ಆರಿಸಲಿಲ್ಲ. ಆದರೆ ಹಾಗೆ ಆರಿಸಿಕೊಂಡವರಿಗೆ, ಪ್ಯಾಡ್ ಇಲ್ಲದವರಿಗಿಂತ ಕಾಲು ನೋವು, ಪೆಟ್ಟು ಕಡಿಮೆಯಾಯಿತು. ಕಾಲಿಗೆ ಯಾವುದು ಹಿತ ಅಂತ ಕಾಲಿಗೇ ಗೊತ್ತು ಅನ್ನುವುದು ಇದರ ಸಾರ. ಚಪ್ಪಲಿ ಎಲ್ಲಿ ಕಚ್ಚುತ್ತದೆ ಅನ್ನೋದು ಹಾಕಿಕೊಂಡವರಿಗೆ ತಾನೇ ತಿಳಿಯೋದು? ಸೇಲ್ಸ್ ಹುಡುಗ ಹೇಳಿದ್ದು, ಅಕ್ಕಪಕ್ಕದವರು ಹೊಗಳಿದ್ದು, ಮಗ ಫೋನಿನಲ್ಲಿ ತೋರಿಸಿದ್ದು ಎಲ್ಲ ಆಮೇಲೆ. ಮೊದಲು ನಿಮ್ಮ ಪಾದದ ಮಾತು.

ಬಾಳಿಕೆ: ಕಾಣುವುದು ಒಂದು, ಸವೆಯುವುದು ಇನ್ನೊಂದು

ನಾವು ಎಡವುವುದು ಇಲ್ಲೇ. ಚಪ್ಪಲಿ ಅಂದರೆ ಬಾರು ಕಿತ್ತು ಹೋಗುವವರೆಗೆ, ಸೀರೆ ಅಂದರೆ ಹರಿಯುವವರೆಗೆ. ಓಟದ ಶೂ ಹಾಗಲ್ಲ. ಮೇಲಿನ ಬಟ್ಟೆ ಹರಿಯುವ ಎಷ್ಟೋ ಮೊದಲೇ ಒಳಗಿನ ಮೆತ್ತೆ ಸತ್ತಿರುತ್ತದೆ.

ಫೋಮಿನೊಳಗೆ ಲಕ್ಷಾಂತರ ಪುಟ್ಟ ಗಾಳಿಗುಳ್ಳೆಗಳಿರುತ್ತವೆ. ಹೆಜ್ಜೆ ಊರಿದಾಗ ಅವು ಅದುಮಿ, ಎತ್ತಿದಾಗ ಉಬ್ಬುತ್ತವೆ. ನಮ್ಮಂತೆ ನಿಧಾನವಾಗಿ ಓಡುವವರು ಒಂದು ಕಿಲೋಮೀಟರಿಗೆ ಸುಮಾರು 1200 ಹೆಜ್ಜೆ ಹಾಕುತ್ತೇವೆ, ಅಂದರೆ ಒಂದೊಂದು ಕಾಲಿಗೆ 600. ಓಡುವಾಗ ಪ್ರತಿ ಹೆಜ್ಜೆಗೂ ಮೈ ತೂಕದ ಎರಡೂವರೆ ಪಟ್ಟಿನಷ್ಟು ಭಾರ ಬೀಳುತ್ತದೆ. 500 ಕಿಲೋಮೀಟರ್ ಆಗುವಷ್ಟರಲ್ಲಿ ಒಂದೊಂದು ಶೂ ಮೂರು ಲಕ್ಷ ಪೆಟ್ಟು ತಿಂದಿರುತ್ತದೆ! ಹತ್ತಿ ಹಾಸಿಗೆ ವರ್ಷಗಳಾದ ಮೇಲೆ ಗಟ್ಟಿಯಾಗಿ ಗಂಟು ಕಟ್ಟುವುದಿಲ್ಲವೇ, ಇದೂ ಹಾಗೆಯೇ.

ಅದಕ್ಕೇ ಓಟಗಾರರಲ್ಲಿ ಒಂದು ಸಾಮಾನ್ಯ ಲೆಕ್ಕ ಇದೆ: ಒಂದು ಜೊತೆಗೆ 500ರಿಂದ 800 ಕಿಲೋಮೀಟರ್. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಐದು ಕಿಲೋಮೀಟರ್ ಓಡುವವರಿಗೆ ಆರರಿಂದ ಒಂಬತ್ತು ತಿಂಗಳು. ಬರೀ ನಡೆಯುವವರಿಗೆ ಭಾರ ಕಡಿಮೆ ಬೀಳುವುದರಿಂದ ಇನ್ನೂ ಹೆಚ್ಚು ದಿನ ಬರುತ್ತದೆ. ಇದೇನು ಕಲ್ಲಿನ ಮೇಲೆ ಕೆತ್ತಿದ ನಿಯಮವಲ್ಲ. ತೂಕ, ನೆಲ, ಓಡುವ ರೀತಿ, ಫೋಮಿನ ಜಾತಿ ನೋಡಿಕೊಂಡು ಹಿಂದೆಮುಂದೆ ಆಗುತ್ತದೆ. ಸ್ಪರ್ಧೆಗೆಂದೇ ಮಾಡಿದ, ಹತ್ತಿಯಂತೆ ಹಗುರವಾದ ದುಬಾರಿ ಶೂಗಳು ಇನ್ನೂ ಬೇಗ ಸೋಲುತ್ತವೆ. ಬೆಲೆ ಜಾಸ್ತಿ ಅಂದಮಾತ್ರಕ್ಕೆ ಬಾಳಿಕೆ ಜಾಸ್ತಿ ಅಂದುಕೊಳ್ಳಬೇಡಿ.

ನಿಮ್ಮ ಶೂ ಕಥೆ ಮುಗಿದಿದೆಯಾ ಅಂತ ಮನೆಯಲ್ಲೇ ನೋಡಬಹುದು:

• ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ಯಾವುದಾದರೂ ಕಡೆಗೆ ವಾಲಿದೆಯಾ?

• ನಡುವಿನ ಫೋಮಿನ ಪಕ್ಕ ನೋಡಿ. ಒಣಗಿದ ಹಣ್ಣಿನ ಸಿಪ್ಪೆಯಂತೆ ಅಡ್ಡಡ್ಡ ಸುಕ್ಕು ಬಿದ್ದಿದೆಯಾ?

• ಹೆಬ್ಬೆರಳಿನಿಂದ ಒತ್ತಿ. ಮೊದಲಿನಂತೆ ಅದುಮುತ್ತಿಲ್ಲ, ಕಲ್ಲಿನಂತಿದೆ ಅಂದರೆ ಮೆತ್ತೆ ಹೋಗಿದೆ.

• ತಳದ ರಬ್ಬರು ಸವೆದು ಒಳಗಿನ ಬಿಳಿ ಫೋಮ್ ಇಣುಕುತ್ತಿದೆಯಾ?

• ಎಲ್ಲಕ್ಕಿಂತ ಮುಖ್ಯ, ಓಡುವ ದೂರ ಹೆಚ್ಚಿಸದಿದ್ದರೂ ಹಿಮ್ಮಡಿ, ಮಂಡಿ, ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಹೊಸ ನೋವು ಶುರುವಾಗಿದೆಯಾ?

ಇವುಗಳಲ್ಲಿ ಎರಡು ಮೂರು ಹೌದಾದರೆ ಆ ಶೂಗೆ ನಿವೃತ್ತಿ ಕೊಡಿ. ಎಸೆಯಲೇಬೇಕೆಂದಿಲ್ಲ. ಗಿಡಕ್ಕೆ ನೀರು ಹಾಕಲು, ಮಾರ್ಕೆಟ್ಟಿಗೆ ಹೋಗಿ ಬರಲು ಸಾಕು. ಓಟಕ್ಕೆ ಮಾತ್ರ ಬೇಡ.

ಗ್ಯಾಸ್ ಸಿಲಿಂಡರ್ ಹತ್ತಿಸಿದ ದಿನ ಕ್ಯಾಲೆಂಡರಿನ ಮೂಲೆಯಲ್ಲಿ ಗುರುತು ಹಾಕುತ್ತೀರಲ್ಲವೇ? ಶೂ ಕೊಂಡ ದಿನವನ್ನೂ ಹಾಗೇ ಬರೆದಿಡಿ. ವಾರದ ಕಿಲೋಮೀಟರ್ ಗುರುತಿಟ್ಟರೆ ಯಾವಾಗ ಬದಲಿಸಬೇಕು ಅಂತ ನಿಮಗೇ ಗೊತ್ತಾಗುತ್ತದೆ.

‘ನಮಗ್ಯಾಕ್ರೀ ಅಷ್ಟು ದುಡ್ಡಿನ ಶೂ?’

ಈ ಮಾತು ನಿಮ್ಮ ಬಾಯಲ್ಲೂ ಬಂತು ತಾನೇ? ಮಗಳ ಟ್ಯೂಷನ್ನಿಗೆ, ಮಗನ ಬ್ಯಾಟಿಗೆ ಲೆಕ್ಕ ನೋಡದೆ ಕೊಡುವ ನಾವು ನಮ್ಮ ಕಾಲಿಗೆ ಅಂದ ಕೂಡಲೇ ಚೌಕಾಶಿಗೆ ಇಳಿಯುತ್ತೇವೆ. ಸರಿ, ದುಡ್ಡಿನ ಲೆಕ್ಕವನ್ನೇ ಹಾಕೋಣ. ನಾಲ್ಕು ಸಾವಿರದ ಶೂ 600 ಕಿಲೋಮೀಟರ್ ಬಂದರೆ ಕಿಲೋಮೀಟರಿಗೆ ಏಳು ರೂಪಾಯಿಗಿಂತ ಕಡಿಮೆ. ಸಾವಿರ ರೂಪಾಯಿಯ ಶೂ 150 ಕಿಲೋಮೀಟರಿಗೇ ಸೋತರೂ ಅಷ್ಟೇ ಬೀಳುತ್ತದೆ. ನಡುವೆ ಒಮ್ಮೆ ಹಿಮ್ಮಡಿ ನೋವು ಬಂದು ಡಾಕ್ಟರ ಫೀಸು, ಮಾತ್ರೆ, ಫಿಸಿಯೋಥೆರಪಿ ಅಂತ ಓಡಾಡಿದರೆ ಅಗ್ಗದ ಶೂ ಎಷ್ಟಕ್ಕೆ ಬಿತ್ತು? ನನ್ನ ಬಿಟ್ಟಿ ಶೂ ನನಗೆ ಎರಡು ಒಳ್ಳೆ ಜೊತೆಯ ದುಡ್ಡನ್ನು ನುಂಗಿತು, ಒಂದು ಓಟವನ್ನೂ ನುಂಗಿತು.

ಹಾಗಂತ ಹದಿನೈದು ಸಾವಿರ ಸುರಿಯಬೇಕಿಲ್ಲ. ಕಂಪನಿಗಳು ಒಂದೇ ಶೂವಿನ ಹೊಸ ಆವೃತ್ತಿ ತಂದಾಗ ಹಿಂದಿನದನ್ನು ರಿಯಾಯಿತಿಗೆ ಮಾರುತ್ತವೆ. ಬಣ್ಣ, ಹೆಸರಿನ ಮುಂದಿನ ಅಂಕಿ ಬಿಟ್ಟರೆ ನಮ್ಮಂಥವರಿಗೆ ಹೆಚ್ಚು ವ್ಯತ್ಯಾಸ ತಿಳಿಯುವುದಿಲ್ಲ. ಕಾಲಿಗೆ ಹೊಂದಿದರೆ ಅದೇ ಸಾಕು. ಆದರೆ ರಸ್ತೆ ಬದಿ ಸಿಗುವ ದೊಡ್ಡ ಬ್ರ್ಯಾಂಡಿನ ನಕಲಿ ಮಾಲಿಗೆ ಮರುಳಾಗಬೇಡಿ. ನಮ್ಮ ಗುಂಪಿನವರೊಬ್ಬರ ಅಂಥ ಶೂ ಮೊದಲ ಮಳೆಗೇ ಬಾಯಿ ಬಿಟ್ಟಿತು.

ಹಾಗೆಯೇ ವರ್ಷಗಟ್ಟಲೆ ಡಬ್ಬದಲ್ಲಿಟ್ಟ ಶೂ ‘ಹೊಸದು’ ಅಂತ ನಂಬಬೇಡಿ. ಕೆಲವು ಶೂಗಳ ಪಾಲಿಯುರೆಥೇನ್ ಸೋಲ್ ಗಾಳಿಯ ತೇವಕ್ಕೆ ಒಳಗೊಳಗೇ ಶಿಥಿಲವಾಗುತ್ತದೆ. ಮದುವೆಗೋ ಟೂರಿಗೋ ಅಂತ ಒಂದು ದಿನ ಹಾಕಿ ಹೊರಟರೆ ರವೆ ಉಂಡೆಯಂತೆ ಪುಡಿಪುಡಿ! ಜೋಪಾನ ಮಾಡಿ ಎತ್ತಿಡುವ ನಮ್ಮ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ಅಂಗಡಿಗೆ ಹೋದಾಗ

• ಸಂಜೆ ಹೋಗಿ. ದಿನವಿಡೀ ನಿಂತು ಪಾದ ಸ್ವಲ್ಪ ಊದಿರುತ್ತದೆ. ಓಡುವಾಗಲೂ ಹಾಗೇ ಊದುತ್ತದೆ. ಬೆಳಿಗ್ಗೆ ಸರಿಹೋದದ್ದು ಓಟದಲ್ಲಿ ಬಿಗಿಯಾಗಬಹುದು.

• ಮದುವೆಗೆ ಮುಂಚಿನ ಸೈಜು ಹೇಳಬೇಡಿ, ಮತ್ತೆ ಅಳತೆ ಕೊಡಿ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 49 ಗರ್ಭಿಣಿಯರ ಪಾದ ಅಳೆದು, ಹೆರಿಗೆಯಾಗಿ ಐದು ತಿಂಗಳಾದ ಮೇಲೆ ಮತ್ತೆ ಅಳೆದರು. 2013ರಲ್ಲಿ ಪ್ರಕಟವಾದ ಆ ವರದಿಯಂತೆ ಅರ್ಧಕ್ಕಿಂತ ಹೆಚ್ಚು ಮಂದಿಯ ಪಾದ ಉದ್ದವಾಗಿತ್ತು, ಪಾದದ ಕಮಾನು ತಗ್ಗಿತ್ತು. ಬಸುರಿಯಲ್ಲಿ ಊದಿದ ಕಾಲು ಇಳಿಯುತ್ತದೆ ನಿಜ, ಆದರೆ ಪಾದ ಮೊದಲಿನ ಅಳತೆಗೆ ಬಂದೇ ಬರುತ್ತದೆ ಅನ್ನುವಂತಿಲ್ಲ. ನಾನು ಇಪ್ಪತ್ತು ವರ್ಷ ಐದು ಅಂದುಕೊಂಡಿದ್ದ ಕಾಲು ಅಳೆದಾಗ ಆರೂವರೆ ಬಂತು!

• ಎರಡೂ ಕಾಲಿಗೆ ಹಾಕಿ ನೋಡಿ. ಒಂದು ಪಾದ ಕೊಂಚ ದೊಡ್ಡದಿರುವುದು ಸಹಜ. ದೊಡ್ಡದಕ್ಕೆ ಸರಿಹೋಗುವುದನ್ನೇ ಕೊಳ್ಳಿ.

• ನಿಂತಾಗ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಗಲ ಜಾಗ ಇರಲಿ. ಹಿಮ್ಮಡಿ ಮಾತ್ರ ಜಾರಬಾರದು.

• ಕಾಲುಂಗುರ ಮರೆಯಬೇಡಿ! ಮುಂಭಾಗ ಇಕ್ಕಟ್ಟಾದರೆ ಉಂಗುರ ಪಕ್ಕದ ಬೆರಳಿಗೆ ಒತ್ತಿ ಗುಳ್ಳೆ ಏಳುತ್ತದೆ. ಕಾಲುಂಗುರ ಹಾಕಿಕೊಂಡೇ ಓಡುವವರು ಅದನ್ನು ಹಾಕಿಕೊಂಡೇ ಶೂ ನೋಡಿ, ಮುಂದೆ ಅಗಲವಾಗಿರುವುದನ್ನು ಕೇಳಿ.

• ಓಡುವಾಗ ಹಾಕುವ ಸಾಕ್ಸ್ ಜೊತೆಗೇ ಒಯ್ಯಿರಿ. ಬರಿಗಾಲಿಗೆ ಹಾಕಿ ನೋಡಿದ ಅಳತೆ ಕೈಕೊಡುತ್ತದೆ.

• ಕೂತು ಬೆರಳಲ್ಲಿ ಒತ್ತಿ ನೋಡಿದರೆ ಸಾಲದು. ಅಂಗಡಿಯೊಳಗೇ ನಾಲ್ಕು ಸುತ್ತು ನಡೆಯಿರಿ, ಎರಡು ಸುತ್ತು ಮೆಲ್ಲಗೆ ಓಡಿ. ಸೇಲ್ಸ್ ಹುಡುಗ ನಕ್ಕರೆ ನಗಲಿ, ದುಡ್ಡು ಕೊಡೋದು ನೀವು. ಒಂಟಿ ಕಾಲಲ್ಲಿ ನಿಂತು ನೋಡಿ. ಕಣಕಾಲು ಗಡಗಡ ಅಂದರೆ ಆ ಮೆತ್ತೆ ನಿಮಗೆ ಅತಿಯಾಯಿತು.

• ‘ಹಾಕ್ತಾ ಹಾಕ್ತಾ ಸರಿಹೋಗುತ್ತೆ ಮೇಡಂ’ ಅನ್ನುವ ಮಾತು ನಂಬಬೇಡಿ. ಮೊದಲ ಹೆಜ್ಜೆಗೇ ಹಿತವಾಗಿರಬೇಕು.

ಮನೆಯಲ್ಲಿ ಹೀಗೆ ಜೋಪಾನ ಮಾಡಿ

ಓಟದ ಶೂವನ್ನು ಓಟಕ್ಕೆ ಮಾತ್ರ ಇಟ್ಟುಕೊಳ್ಳಿ. ಅದರಲ್ಲೇ ತರಕಾರಿಗೆ, ಅದರಲ್ಲೇ ಸ್ಕೂಲ್ ವ್ಯಾನಿನ ಹತ್ತಿರ ಅಂತ ಇಡೀ ದಿನ ಓಡಾಡಿದರೆ ಮೆತ್ತೆಗೆ ಬಿಡುವೇ ಇಲ್ಲ. ಸಾಧ್ಯವಿದ್ದವರು ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಬಹುದು. ಅದುಮಿದ ಫೋಮಿಗೆ ಚೇತರಿಸಿಕೊಳ್ಳಲು, ಬೆವರು ಆರಲು ಸಮಯ ಸಿಗುತ್ತದೆ. ನಮ್ಮ ಗುಂಪಿನ ಗಂಡ ಹೆಂಡತಿ ಇಬ್ಬರೂ ಹೀಗೇ ಮಾಡುತ್ತಾರೆ. ಲಕ್ಸೆಂಬರ್ಗ್‌ನಲ್ಲೇ 264 ಓಟಗಾರರನ್ನು 22 ವಾರ ಗಮನಿಸಿದ ಇನ್ನೊಂದು ಅಧ್ಯಯನದಲ್ಲೂ, ಬೇರೆ ಬೇರೆ ಶೂ ಬದಲಿಸುತ್ತಾ ಓಡಿದವರಿಗೆ ಪೆಟ್ಟಾಗುವ ಸಂಭವ ಶೇ 39ರಷ್ಟು ಕಡಿಮೆ ಕಂಡುಬಂತು.

ವಾಷಿಂಗ್ ಮೆಷಿನ್ನಿಗೆ ಹಾಕಬೇಡಿ. ಅಂಟು ಬಿಡುತ್ತದೆ, ಮೆತ್ತೆ ಕೆಡುತ್ತದೆ. ಲೇಸು ಬಿಚ್ಚಿ, ಪ್ಯಾಡ್ ಹೊರತೆಗೆದು, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಣ್ಣೀರಿನಲ್ಲಿ ತಿಕ್ಕಿದರೆ ಸಾಕು. ಮಳೆಯಲ್ಲಿ ನೆಂದರೆ ಒಳಗೆ ಹಳೇ ನ್ಯೂಸ್‌ಪೇಪರ್ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ, ನೆರಳಲ್ಲಿ ಫ್ಯಾನ್ ಕೆಳಗೆ ಒಣಗಿಸಿ. ತಾರಸಿಯ ಉರಿಬಿಸಿಲಿಗೆ ಹಪ್ಪಳದ ಪಕ್ಕ ಇಟ್ಟೀರಿ ಜೋಕೆ! ಬಿಚ್ಚುವಾಗ ಒಂದು ಕಾಲಿನಿಂದ ಇನ್ನೊಂದರ ಹಿಮ್ಮಡಿ ತುಳಿದು ಎಳೆಯಬೇಡಿ, ಹಿಂಭಾಗ ಬೇಗ ಕುಸಿಯುತ್ತದೆ.

ಒಂದು ಎಚ್ಚರಿಕೆಯ ಮಾತು. ಶೂ ಔಷಧಿಯಲ್ಲ. ಬೆಳಿಗ್ಗೆ ಎದ್ದ ಕೂಡಲೇ ಹಿಮ್ಮಡಿಗೆ ಚುಚ್ಚುವ ನೋವು, ವಾರ ಕಳೆದರೂ ಇಳಿಯದ ಊತ ಇದ್ದರೆ ಶೂ ಬದಲಿಸಿ ಸುಮ್ಮನಾಗದೆ ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇರುವವರು ಇನ್ನೂ ಹುಷಾರಾಗಿರಬೇಕು. ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿದ್ದರೆ ಶೂ ಕಚ್ಚಿದ್ದೂ ಗೊತ್ತಾಗುವುದಿಲ್ಲ. ಮನೆಗೆ ಬಂದ ಮೇಲೆ ಅಂಗಾಲು, ಬೆರಳ ಸಂದು ನೋಡಿಕೊಳ್ಳುವುದನ್ನು ತಪ್ಪಿಸಬೇಡಿ.

ಕೊನೆಗೆ ನನ್ನ ಕಥೆ. ಹಿಮ್ಮಡಿ ನೋವು ಇಳಿಯಲು ಐದು ತಿಂಗಳು ಹಿಡಿಯಿತು. ವ್ಯಾಯಾಮ, ಮನೆಯೊಳಗೂ ಮೆತ್ತನೆ ಚಪ್ಪಲಿ, ನಿಧಾನವಾಗಿ ಮತ್ತೆ ನಡಿಗೆ. ಆಮೇಲೆ ಒಂದು ಸಂಜೆ ಮಗನನ್ನೇ ಕರೆದುಕೊಂಡು ಅಂಗಡಿಗೆ ಹೋದೆ. ಏಳು ಜೊತೆ ಹಾಕಿ ನೋಡಿದೆ. ಅವನಿಗೆ ಹಿಡಿಸಿದ್ದು ಮೊದಲನೆಯದು, ನನ್ನ ಕಾಲು ಒಪ್ಪಿದ್ದು ಆರನೆಯದು. ಬೆಲೆ ನೋಡಿ ಒಂದು ಕ್ಷಣ ಕೈ ಹಿಂದೆ ಹೋಗಿದ್ದೂ ನಿಜ. ‘ಅಮ್ಮಾ, ನನ್ನ ಹಳೇದು ಹಾಕ್ಕೊಂಡು ನೀನು ಕುಂಟಿದ್ದು ಸಾಕು’ ಅಂದ. ಮರುವರ್ಷದ 10ಕೆ ಓಟವನ್ನು ಒಂದು ಗಂಟೆ ಇಪ್ಪತ್ತಾರು ನಿಮಿಷದಲ್ಲಿ ಮುಗಿಸಿದೆ. ಪದಕಕ್ಕಿಂತ ಖುಷಿ ಕೊಟ್ಟಿದ್ದು ಮಾರನೇ ಬೆಳಿಗ್ಗೆ. ಮಂಚದಿಂದ ಕಾಲು ಕೆಳಗಿಟ್ಟಾಗ ಗೋಡೆ ಹಿಡಿಯಬೇಕಾಗಲಿಲ್ಲ.

ಆ ಹಳೇ ಶೂ ಈಗ ಹಿತ್ತಿಲಲ್ಲಿದೆ, ಗಿಡಕ್ಕೆ ನೀರು ಹಾಕುವಾಗ ಹಾಕಿಕೊಳ್ಳುತ್ತೇನೆ. ಹೊಸದು ಕೊಂಡ ತಾರೀಖು ಕ್ಯಾಲೆಂಡರಿನಲ್ಲಿ ಸಿಲಿಂಡರ್ ಗುರುತಿನ ಪಕ್ಕದಲ್ಲೇ ಇದೆ. ನಿಮ್ಮ ಕ್ಯಾಲೆಂಡರಿನಲ್ಲಿ ಯಾವ ತಾರೀಖು ಬರೆಯುತ್ತೀರಿ?